ಯಾವ ಕಡೆಗೆ ಬರೀಬೇಕ್ರಿ ಮಾಸ್ತರ

೧೯೩೧ ನವೆಂಬರ್ ೧೬, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ದಿನಾ ಒಂದು ಪುಟ ಬರೆದಿಡು, ಒಳ್ಳೆಯ ಮಾಸ್ತರನಾಗುತ್ತೀ ಅಂತ ಬಳ್ಳಾರಿಯ ಟ್ರೇನಿಂಗ್ ಶಾಲೆಯ ಗುರುಗಳು ಹೇಳಿ ಕಳಿಸಿದ್ದಾರೆ. ಬರೆಯುವುದು ನನಗೇನೂ ಕಷ್ಟವಲ್ಲ. ಕಂಡದ್ದನ್ನೆಲ್ಲ ಯಾಕೆ, ಹೇಗೆ ಅಂತ ಕೇಳಿ ಕೇಳಿ ನಮ್ಮವ್ವನ ತಲೆ ತಿಂದವನು ನಾನು. ಹುಟ್ಟಿದಾಗ ಯಾವುದೋ ಹರಕೆಗೆ ಮೂಕಪ್ಪ ಅಂತ ಹೆಸರಿಟ್ಟಳು, ಇವತ್ತಿಗೂ ಅದಕ್ಕೆ ಹಣೆ ಚಚ್ಚಿಕೊಳ್ಳುತ್ತಾಳೆ.

ಶಾಲೆ ಇರುವುದು ಕಂಪ್ಲಿಯಿಂದ ಮೆಟ್ರಿಗೆ ಹೋಗುವ ದಾರಿಯ ಹಿರೇಕುಂಟೆಯಲ್ಲಿ, ಊರ ಹೊರಗಿನ ಕೇರಿಯ ಅಂಚಿಗೆ. ಊರೊಳಗಿನ ಶಾಲೆಗೆ ಈ ಕೇರಿಯ ಮಕ್ಕಳನ್ನು ಸೇರಿಸುವುದಿಲ್ಲ, ಅದಕ್ಕೇ ಸರ್ಕಾರದವರು ಇವರಿಗೆ ಬೇರೆಯಾಗಿ ಪಂಚಮ ಶಾಲೆ ಮಾಡಿದ್ದಾರೆ. ಶಾಲೆ ಅಂದರೆ ಒಂದು ಚಪ್ಪರ, ಅದರ ಮುಂದೆ ಹೊಳೆಯಿಂದ ತಂದು ಹಾಸಿದ ಮರಳು, ಮರಳಿನ ಆಚೆ ಒಂದು ಹುಣಸೆಮರ, ಮರದ ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಇಷ್ಟು ವರ್ಷ ಇಲ್ಲಿ ಕಲಿಸಿದವರು ಕಂಪ್ಲಿಯ ಕೊಟ್ರಯ್ಯ ಮಾಸ್ತರು, ಜಂಗಮರು. ಅವರಿಗೆ ವಯಸ್ಸಾಗಿ ಬಿಟ್ಟ ಜಾಗಕ್ಕೆ ನಾನು ಬಂದಿದ್ದೇನೆ. ಕೇರಿಯಲ್ಲಿ ಹುಟ್ಟಿದ ಮಾಸ್ತರ ಈ ಶಾಲೆಗೆ ನಾನೇ ಮೊದಲು.

ಹಾಗಂತ ನಾನು ಹುಟ್ಟಿದ ಕೇರಿ ಇಂಥದ್ದಲ್ಲ. ನಾವು ಬಲಗೈಯವರು, ಇವರು ಎಡಗೈಯವರು. ಊರಿನವರ ಕಣ್ಣಿಗೆ ಇಬ್ಬರೂ ಒಂದೇ, ನಮ್ಮ ಕಣ್ಣಿಗೆ ಮಾತ್ರ ಬೇರೆ. ಅಲ್ಲಿ ನೀರು ಕುಡೀಬ್ಯಾಡ ಅಂತ ಅವ್ವ ಕೈಯಲ್ಲಿ ತಂಬಿಗೆ ಕೊಟ್ಟು ಕಳಿಸಿದ್ದಾಳೆ. ಕಂಪ್ಲಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ದಿನಾ ನಡೆದು ಬಂದು ಹೋಗುವುದು ಅಂತ ಆಗಿದೆ.

ಸರ್ಕಾರದ ಕುರ್ಚಿಯನ್ನು ಹುಣಸೆಮರದ ಕೆಳಗೆ, ಕೊಟ್ರಯ್ಯನವರು ಕೂರುತ್ತಿದ್ದ ಕಲ್ಲಿನ ಪಕ್ಕದಲ್ಲೇ ಹಾಕಿಸಿದೆ. ಮಕ್ಕಳು ಮರಳಿನ ಆಚೆ ಬದಿ, ಚಪ್ಪರದ ಮುಂದೆ ಸಾಲಾಗಿ ಕುಳಿತರು. ಸ್ಲೇಟಿಲ್ಲ, ಪ್ರತಿ ಮಗುವಿನ ಮುಂದಿನ ಮರಳೇ ಅದರ ಸ್ಲೇಟು. "ಹಸು ಹುಲ್ಲು ತಿನ್ನುತ್ತದೆ" ಅಂತ ಹೇಳಿದೆ. ಬೆರಳಲ್ಲಿ ಬರೆದವು. ಕುರ್ಚಿಯಿಂದಲೇ ಬಗ್ಗಿ ಓದಿದೆ, ಅಬ್ಬಾ, ಎಂಥ ಗುಂಡನೆಯ ಅಕ್ಷರ. ನನ್ನ ಕೈಬರಹವನ್ನು ಇವರ ಎದುರು ತೋರಿಸಲು ನಾಚಿಕೆಯಾಯಿತು.

ಮನಸ್ಸಿಗೆ ನೆಮ್ಮದಿ. ಹೊಸಪೇಟೆಯ ಕಚೇರಿಯಲ್ಲಿ ಹೆದರಿಸಿ ಕಳಿಸಿದ್ದರು, ಸರ್ಕಾರ ಖರ್ಚು ಕಡಿಮೆ ಮಾಡುತ್ತಿದೆ, ಜನವರಿಯ ತಪಾಸಣೆಯಲ್ಲಿ ಮಕ್ಕಳು ಚೆನ್ನಾಗಿ ಮಾಡದ ಪಂಚಮ ಶಾಲೆಗಳನ್ನು ಮುಚ್ಚುತ್ತಾರೆ ಅಂತ. ಇಂಥ ಅಕ್ಷರ ಬರೆಯುವ ಶಾಲೆಯನ್ನು ಯಾರು ಮುಚ್ಚುತ್ತಾರೆ?

ನವೆಂಬರ್ ೧೭, ಮಂಗಳವಾರ

ಇವತ್ತು ತಲೆ ಕೆಟ್ಟುಹೋಯಿತು.

ಕಚೇರಿಯಿಂದ ತಂದ ಒಂದನೇ ಪುಸ್ತಕಗಳನ್ನು ಹಂಚಿದೆ. ಇವರು ಪುಸ್ತಕ ಹಿಡಿಯುತ್ತಿರುವುದು ಇದೇ ಮೊದಲು. ಹಸುವಿನ ಚಿತ್ರ ನೋಡಿ ನಕ್ಕವು, ಮುಟ್ಟಿ ಮುಟ್ಟಿ ನೋಡಿದವು. ಓದಿ ಅಂದೆ. ಒಂದೂ ಬಾಯಿ ಬಿಡಲಿಲ್ಲ. ನಿನ್ನೆ ಬರೆದದ್ದೇ ಸಾಲು, ಹಸು ಹುಲ್ಲು ತಿನ್ನುತ್ತದೆ. ಗೂಬೆಗಳ ಹಾಗೆ ಪಿಳಿಪಿಳಿ ನೋಡುತ್ತವೆ. ಆಗ ಜಂಬವ್ವ ಅನ್ನುವ ಹುಡುಗಿ ಪುಸ್ತಕವನ್ನು ತಿರುಗಿಸಿ ತಲೆಕೆಳಗು ಹಿಡಿದು, ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಗಡಗಡ ಓದಿಬಿಟ್ಟಳು. ಉಳಿದವರೂ ತಿರುಗಿಸಿಕೊಂಡು ಓದಿದರು. ಎಲ್ಲರ ಪುಸ್ತಕದಲ್ಲೂ ಹಸು ಕಾಲು ಮೇಲೆ ಮಾಡಿ ಮಲಗಿದೆ.

ಹೊಸ ಮಾಸ್ತರನನ್ನು ಆಟ ಆಡಿಸುತ್ತಿದ್ದಾರೆ ಅಂತ ಸಿಟ್ಟು ಬಂತು. ಪುಸ್ತಕ ನೆಟ್ಟಗೆ ಹಿಡಿಸಿ ಗದರಿಸಿದೆ. ಮತ್ತೆ ಮೌನ. ಜಂಬವ್ವ ಮಾತ್ರ ಗಲ್ಲ ಉಬ್ಬಿಸಿಕೊಂಡು, "ಚಿತ್ರ ಬರದಾವ ತಪ್ಪ ಬರದಾನ್ರಿ ಮಾಸ್ತರ, ಅಕ್ಷರ ಸರಿ ಅದಾವು" ಅಂದಳು. ಇಡೀ ದಿನ ಅದೇ ಯೋಚನೆ.

ನವೆಂಬರ್ ೨೦, ಶುಕ್ರವಾರ

ಕಬ್ಬಿನ ಬಂಡಿ ಅಡ್ಡ ನಿಂತು ಹುಣಸೆಮರದ ದಾರಿ ಕಟ್ಟಿತ್ತು. ಕೇರಿಯೊಳಗಿಂದ ಸುತ್ತಿ, ಚಪ್ಪರದ ಹಿಂದಿನಿಂದ ಬಂದೆ. ಮಕ್ಕಳು ಇನ್ನೂ ಬಂದಿರಲಿಲ್ಲ. ಮರಳಲ್ಲಿ ಯಾರೋ ನಿನ್ನೆ ಸಂಜೆ ಗೀಚಿ ಹೋದದ್ದು ಹಾಗೇ ಇತ್ತು. ನೋಡಿದರೆ ಕನ್ನಡವಲ್ಲ. ತೆಲುಗೂ ಅಲ್ಲ. ಕಂಪ್ಲಿಯ ಸಾಬರ ಅಂಗಡಿಯ ಬೋರ್ಡಿನ ಉರ್ದುವೂ ಅಲ್ಲ. ಆದರೆ ಸುಮ್ಮನೆ ಗೀಚಿದ್ದೂ ಅಲ್ಲ, ಸಾಲು ಹಿಡಿದು ಶ್ರದ್ಧೆಯಿಂದ ಬರೆದದ್ದು.

ನಿಂತಲ್ಲೇ ಈ ಪುಸ್ತಕದ ಒಂದು ಹಾಳೆ ಹರಿದು ಹಾಗೇ ನಕಲು ಮಾಡಿಕೊಂಡೆ. ಹಂಪಿಯ ಹಾಳುಗುಡಿಗಳ ಕಲ್ಲಿನ ಮೇಲೆ ಇಂಥದ್ದೇ ಅಕ್ಷರ ನೋಡಿದ ನೆನಪು. ಈ ಕೇರಿಯವರಿಗೆ ರಾಜರ ಕಾಲದ ಲಿಪಿ ತಲೆಮಾರಿನಿಂದ ಬಂದಿದ್ದರೆ? ಅದನ್ನು ಮೊದಲು ಕಂಡವನು ನಾನಾಗಿದ್ದರೆ? ಯಾರಿಗೂ ಹೇಳಿಲ್ಲ.

ನವೆಂಬರ್ ೨೨, ಭಾನುವಾರ

ನಿನ್ನೆ ಬೆಲ್ಲದ ಬಂಡಿ ಹತ್ತಿ ಹೊಸಪೇಟೆಯ ನಮ್ಮ ಮನೆಗೆ ಬಂದೆ. ಬೆಳಿಗ್ಗೆ ಎದ್ದು ಹಂಪಿಗೆ ನಡೆದೆ. ವಾರಕ್ಕೊಂದು ದಿನ ಮನೆಗೆ ಬಂದವನು ಹಾಳುಬಿದ್ದ ಕಲ್ಲು ನೋಡಲು ಹೋಗುತ್ತಾನೆ ಅಂತ ಅವ್ವ ಬೈದಳು.

ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ವಿರೂಪಾಕ್ಷಪ್ಪನವರು ಕಾಯಿ ಕರ್ಪೂರದ ಅಂಗಡಿ ಇಟ್ಟಿದ್ದಾರೆ. ದೊರೆಗಳು ಬಂದರೆ ಶಾಸನ ಓದಿ ಹೇಳುವವರೂ ಅವರೇ. ಹಳೆಯ ಲಿಪಿ ತಂದಿದ್ದೇನೆ, ನೋಡಬೇಕು ಅಂದೆ. ನನ್ನ ಕೈಯಿಂದ ಅವರು ಕಾಗದ ತೆಗೆದುಕೊಳ್ಳುವುದಿಲ್ಲ ಅನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತು. ಅದನ್ನು ಕಟ್ಟೆಯ ಅಂಚಿಗೆ ಹಾಸಿ, ಗಾಳಿಗೆ ಹಾರದ ಹಾಗೆ ಒಂದು ಹರಳಿಟ್ಟು, ಹಿಂದೆ ಸರಿದು ನಿಂತೆ.

ಅವರು ಕುಳಿತಲ್ಲಿಂದಲೇ ಬಗ್ಗಿ ನೋಡಿದರು. "ಅವ್ವ ನೀರು ತಾ" ಅಂತ ಓದಿದರು. ಆಮೇಲೆ ನನ್ನ ಮುಖ ನೋಡಿ, "ಇದನ್ನ ಓದಸಾಕ ಹೊಸಪ್ಯಾಟಿಯಿಂದ ನಡಕೊಂತ ಬಂದಿಯೇನಲೇ?" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ಕಿವಿಯವರೆಗೂ ಬಿಸಿ ಏರಿತು. ಕಾಗದ ಎತ್ತಿಕೊಂಡು ಬಜಾರಿನ ಕೊನೆಗೆ ಹೋಗಿ ತಿರುಗಿಸಿ ನೋಡಿದೆ. ಅಚ್ಚ ಕನ್ನಡ. ಗುಂಡಗುಂಡನೆಯ ಕನ್ನಡ. ಅವರು ಎದುರು ಬದಿಯಲ್ಲಿದ್ದರು, ಅದಕ್ಕೇ ಓದಿದರು. ನಾನೂ ಶಾಲೆಯಲ್ಲಿ ಎದುರು ಬದಿಯಲ್ಲೇ ಕೂರುತ್ತೇನೆ. ಈ ಮಕ್ಕಳು ಪ್ರತಿ ಅಕ್ಷರವನ್ನೂ ತಲೆಕೆಳಗಾಗಿ, ಬಲದಿಂದ ಎಡಕ್ಕೆ, ಒಂದು ಕೊಂಬೂ ತಪ್ಪದೆ ಬರೆಯುತ್ತಾರೆ. ಇದನ್ನು ಅವರಿಗೆ ಯಾರು ಕಲಿಸಿದರು, ಯಾಕೆ ಕಲಿಸಿದರು?

ನವೆಂಬರ್ ೨೩, ಸೋಮವಾರ

ಕುರ್ಚಿಯಿಂದ ಎದ್ದು ಮರಳು ಬಳಸಿ ಮಕ್ಕಳ ಹಿಂದೆ ಹೋಗಿ ನಿಂತೆ. ಮಕ್ಕಳು ಗಾಬರಿಯಾಗಿ ಎದ್ದು ನಿಂತವು. ಮಾಸ್ತರು ಈ ಕಡೆಗೆ ಬರುವುದುಂಟೇ?

ಮರಳಿನ ನಡುವೆ ಉದ್ದಕ್ಕೂ ಸಣ್ಣ ಕಲ್ಲುಗಳನ್ನು ಹೂಳಿದ್ದಾರೆ. ದಿನಾ ನೋಡುತ್ತಿದ್ದೆ, ಅಲಂಕಾರಕ್ಕೆ ಅಂದುಕೊಂಡಿದ್ದೆ. ಜಂಬವ್ವನ ಅಜ್ಜಿ ತಾಯಕ್ಕ ಪಕ್ಕದ ಗುಡಿಸಲ ಮುಂದೆ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಅವಳನ್ನು ಕೇಳಿದೆ. ಅದು ಕೊಟ್ರಯ್ಯ ಮಾಸ್ತರ ಗೆರೆಯಂತೆ. ಅವರು ಗೆರೆ ದಾಟುವ ಹಾಗಿಲ್ಲ, ಮಕ್ಕಳೂ ದಾಟುವ ಹಾಗಿಲ್ಲ. ಕಲ್ಲಿನ ಮೇಲೆ ಕುಳಿತು ಉದ್ದನೆಯ ಬಿದಿರುಕೋಲಿನಿಂದ ತಮ್ಮ ಕಡೆಯ ಮರಳಲ್ಲಿ ಬರೆಯುತ್ತಿದ್ದರಂತೆ. ಮಕ್ಕಳು ಎದುರಿನಿಂದ ನೋಡಿ, ಕಂಡದ್ದನ್ನು ಕಂಡ ಹಾಗೆ ತಮ್ಮ ಮರಳಲ್ಲಿ ಇಳಿಸುತ್ತಿದ್ದರಂತೆ.

ಕಂಡದ್ದನ್ನು ಕಂಡ ಹಾಗೆ! ಮಕ್ಕಳು ಮಾಡಿದ್ದರಲ್ಲಿ ಯಾವ ತಪ್ಪಿದೆ? ಅವರಿಗೆ ಅಕ್ಷರ ಕಂಡದ್ದೇ ತಲೆಕೆಳಗಾಗಿ. ಮಾಸ್ತರಿಗೂ ಎದುರಿನಿಂದ ಅದು ಸರಿಯಾಗೇ ಕಂಡಿದೆ. ಹೋದ ವರ್ಷ ತಪಾಸಣೆಗೆ ಬಂದ ಇನ್ಸ್ಪೆಕ್ಟರಿಗೂ ಹುಣಸೆಮರದ ಕೆಳಗೇ ಕುರ್ಚಿ ಹಾಕಿದ್ದರಂತೆ, ಅವರೂ ಓದಿ ಭಲೇ ಅಂದು ಹೋದರಂತೆ. ನಾನೂ ಮೊನ್ನೆ ಅದೇ ಮಾಡಿದೆ. ಮೂವರು ಓದುಬಲ್ಲವರು ಆ ಕಡೆ ಕುಳಿತು ನೋಡಿದೆವು, ಗೆರೆ ಬಳಸಿ ಬಂದು ಯಾರೂ ನೋಡಿರಲಿಲ್ಲ.

ನಗು ಬರುತ್ತದೆ, ಹಿಂದೆಯೇ ನಾಚಿಕೆಯಾಗುತ್ತದೆ.

ನವೆಂಬರ್ ೨೯, ಭಾನುವಾರ

ಕಂಪ್ಲಿಯಲ್ಲಿ ಕೊಟ್ರಯ್ಯ ಮಾಸ್ತರ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತಿದ್ದರು, ನಾನು ಅಂಗಳದಲ್ಲಿ ನಿಂತೆ. ಕಟುಕರಿರಬಹುದು ಅಂದುಕೊಂಡಿದ್ದೆ. ಹಾಗಿಲ್ಲ. ಒಂದೊಂದು ಮಗುವಿನ ಹೆಸರು ಹಿಡಿದು ಕೇಳಿದರು. ಒಬ್ಬನಿಗೆ ಕಿವಿ ಸೋರುತ್ತಿತ್ತು, ವಾಸಿಯಾಯಿತೇ? ಜಂಬವ್ವನ ಮೊಂಡುತನ ಕಡಿಮೆಯಾಯಿತೇ? ಪಂಚಮ ಶಾಲೆಗೆ ಹೋಗುತ್ತಾರೆಂದು ಬೇರೆ ಮಾಸ್ತರರು ಇವರನ್ನು ಆಡಿಕೊಳ್ಳುತ್ತಿದ್ದರಂತೆ. ಆದರೂ ಬಿಸಿಲಿಗೆ ಮಳೆಗೆ ತಪ್ಪಿಸದೆ ನಡೆದುಹೋಗಿ ಕಲಿಸಿದ್ದಾರೆ.

ವಿಷಯ ಹೇಳಿದಾಗ ನಂಬಲಿಲ್ಲ. ಇನ್ಸ್ಪೆಕ್ಟರೇ ಓದಿದ್ದಾರೆ, ನಿನಗೇನು ಗೊತ್ತು ಅಂತ ಸಿಟ್ಟಾದರು. ನಾನು ಕಡ್ಡಿಯೊಂದನ್ನು ಎತ್ತಿಕೊಂಡು ಅಂಗಳದ ಧೂಳಿನಲ್ಲಿ, ನನ್ನ ಕಡೆಗೆ ಸರಿಯಾಗಿ ಕಾಣುವ ಹಾಗೆ, ಕಮಲ ಅಂತ ಬರೆದೆ. ಅವರು ಜಗಲಿಯಿಂದ ಬಹಳ ಹೊತ್ತು ನೋಡಿದರು. ಮುಖ ಸಣ್ಣದಾಯಿತು.

"ನಾ ಒಮ್ಮಿ ಆ ಕಡಿಗಿ ಹೋಗಿ ನಿಂತಿದ್ರ ಗೊತ್ತಾಗ್ತಿತ್ತು" ಅಂದರು. ನನಗೆ ಹೇಳಿದ್ದಲ್ಲ. ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಸ್ವಲ್ಪ ಕಾದು ವಾಪಸ್ಸು ಬಂದೆ.

ಡಿಸೆಂಬರ್ ೩, ಗುರುವಾರ

ತಿದ್ದುವುದು ಹೇಗೆ? ಟ್ರೇನಿಂಗ್ ಶಾಲೆಯಲ್ಲಿ ಇದನ್ನು ಹೇಳಿಕೊಟ್ಟಿಲ್ಲ.

ಮೊದಲು ಇವರ ಹಾಗೆ ನಾನೂ ಬರೆದು ನೋಡೋಣ ಅಂತ ಸಾಲಿನಲ್ಲಿ ಜಾಗ ಮಾಡಿಸಿಕೊಂಡು ಕುಳಿತೆ. "ಆನೆ" ಅಂತ ತಲೆಕೆಳಗಾಗಿ ಬರೆಯಲು ಹೋದರೆ ಕೈ ಕೇಳುವುದೇ ಇಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕವು. ಇಷ್ಟು ಕಷ್ಟದ್ದನ್ನು ಇವರು ಸಲೀಸಾಗಿ ಮಾಡುತ್ತಾರಲ್ಲ, ಇವರನ್ನು ದಡ್ಡರು ಅಂತ ಯಾರು ಅಂದದ್ದು?

ಕೊನೆಗೆ ಒಂದು ಆಟ ಹೂಡಿದೆ. ಬರೆಯುವುದು, ಎದ್ದು ಕಲ್ಲಿನ ಗೆರೆ ದಾಟಿ ಆ ಕಡೆಗೆ ಓಡುವುದು, ಮರಳಿನ ಆಚೆಯಿಂದ ತಮ್ಮದೇ ಅಕ್ಷರ ನೋಡುವುದು, ವಾಪಸ್ಸು ಬಂದು ಆ ಕಡೆಯಿಂದ ಕಂಡ ಹಾಗೆ ಈ ಕಡೆಯಿಂದ ಬರೆಯುವುದು. ಗೆರೆ ದಾಟಿ ಅಂದಾಗ ಮೊದಲು ಒಬ್ಬರೂ ಕದಲಲಿಲ್ಲ. ನಾನೇ ಕೈ ಹಿಡಿದು ದಾಟಿಸಿದೆ. ಆಮೇಲೆ ಸಂಜೆಯವರೆಗೂ ಓಡಾಟವೇ ಓಡಾಟ. ಮರಳೆಲ್ಲ ಕೆದರಿಹೋಯಿತು.

ಜಂಬವ್ವ ಮಾತ್ರ ಬರಲಿಲ್ಲ. ತನ್ನ ಅಕ್ಷರ ಸರಿಯಾಗಿದೆ, ಬೇಕಾದರೆ ಉಳಿದವರು ಕೆಡಿಸಿಕೊಳ್ಳಲಿ ಅಂದಳು.

ಡಿಸೆಂಬರ್ ೯, ಬುಧವಾರ

ಬಿಸಿಲು. ತಂಬಿಗೆ ಮರೆತು ಬಂದಿದ್ದೆ, ತಾಯಕ್ಕನ ಗಡಿಗೆಯಿಂದ ಕುಡಿದೆ. ನೀರು ತಣ್ಣಗಿತ್ತು. ಯಾವ ಬಾವಿಯದು ಅಂತ ಕೇಳಿದರೆ ಅವಳು ಉತ್ತರ ಹೇಳದೆ ನನ್ನನ್ನೇ ನೋಡುತ್ತ ನಿಂತಳು. ಈ ಮುದುಕಿಗೆ ಕಿವಿ ಮಂದವೋ ಏನೋ.

ಜಂಬವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಡಿಸೆಂಬರ್ ೧೯, ಶನಿವಾರ

ನಿನ್ನೆ ಜಂಬವ್ವ ಬರೆದಳು! ಎಲ್ಲರೂ ಮನೆಗೆ ಹೋದ ಮೇಲೆ ಒಬ್ಬಳೇ ಕುಳಿತಿದ್ದಳು. ನಾನು ನೋಡಿಯೂ ನೋಡದವನ ಹಾಗೆ ಪುಸ್ತಕ ಜೋಡಿಸುತ್ತಿದ್ದೆ. ಅಳಿಸುತ್ತಾಳೆ, ಬರೆಯುತ್ತಾಳೆ, ತುಟಿ ಕಚ್ಚುತ್ತಾಳೆ. ಆಮೇಲೆ ಒಂದನೇ ಪುಸ್ತಕ ತೆಗೆದು ಚಿತ್ರ ನೆಟ್ಟಗೆ ಹಿಡಿದು ತಡವರಿಸಿ ತಡವರಿಸಿ ಒಂದು ಪುಟ ಓದಿದಳು.

"ಹಸು ಈಗ ನಿಂತೈತ್ರಿ ಮಾಸ್ತರ" ಅಂದಳು. ನನಗೆ ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತು ಅಂದೆ.

ತಾಯಕ್ಕನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯೆ. ತಡವಾದ್ದರಿಂದ ಅಲ್ಲೇ ಮಲಗಿ ಬೆಳಿಗ್ಗೆ ಹೊರಟೆ. ಮಾವ ಎಲ್ಲಿದ್ದೆ ಅಂತ ಕೇಳಿದ, ಶಾಲೆಯಲ್ಲಿ ಅಂದೆ.

೧೯೩೨ ಜನವರಿ ೬, ಬುಧವಾರ

ತಪಾಸಣೆ ಹತ್ತೊಂಬತ್ತಕ್ಕೆ ಅಂತ ಹೇಳಿ ಕಳಿಸಿದ್ದಾರೆ. ಹೋದ ವರ್ಷ ಬಂದ ಇನ್ಸ್ಪೆಕ್ಟರೇ ಬರುತ್ತಾರೆ. ಕುರ್ಚಿಯನ್ನು ಹುಣಸೆಮರದ ಕೆಳಗೆ ಹಾಕಿಸಿರಬೇಕಂತೆ, ಕೇರಿಯ ಕಡೆಗಲ್ಲ. ಅದನ್ನು ಜವಾನ ಒತ್ತಿ ಒತ್ತಿ ಹೇಳಿದ.

ಕೇಳುತ್ತಿದ್ದ ತಾಯಕ್ಕನಿಗೆ ನನಗಿಂತ ಮೊದಲು ಹೊಳೆಯಿತು. ಇನ್ಸ್ಪೆಕ್ಟರು ಆ ಕಡೆ ಕುಳಿತು ನೋಡುತ್ತಾರೆ. ಮಕ್ಕಳು ಈಗ ಈ ಕಡೆಗೆ ಸರಿಯಾಗಿ ಬರೆಯುತ್ತಾರೆ. ಅಂದ ಮೇಲೆ ಅವರಿಗೆ ಎಲ್ಲವೂ ತಲೆಕೆಳಗು. ಸ್ಲೇಟಾಗಿದ್ದರೆ ತಿರುಗಿಸಿ ಇಡಬಹುದಿತ್ತು, ಮರಳನ್ನು ಹೇಗೆ ತಿರುಗಿಸುವುದು?

"ಒಂದ ದಿನದ ಮಟ್ಟಿಗೆ ಹಳೇ ನಮೂನಿ ಬರೀಲಿ ಬಿಡಪ್ಪ. ಸಾಲಿ ಮುಚ್ಚಿದ್ರ ಮೊಮ್ಮಗಳು ನಾಳಿಗೆ ಗೌಡರ ಎಮ್ಮಿ ಹಿಂದ ಹೋಗ್ತಾಳ" ಅಂದಳು.

ಸುಲಭವಾದ ಮಾತು. ಮಕ್ಕಳ ಕೈಗೆ ಹಳೆಯದು ಇನ್ನೂ ಮರೆತಿಲ್ಲ. ಒಂದು ದಿನ ಬರೆದರೆ ಯಾರಿಗೇನು ನಷ್ಟ? ಹಾಗಂತ ಹತ್ತು ಸಲ ಅಂದುಕೊಂಡೆ, ಹತ್ತು ಸಲವೂ ಮನಸ್ಸು ಒಪ್ಪಲಿಲ್ಲ. ಯಾಕೆ ಒಪ್ಪುತ್ತಿಲ್ಲ ಅನ್ನುವುದೇ ತಿಳಿಯುತ್ತಿಲ್ಲ.

ಜನವರಿ ೧೧, ಸೋಮವಾರ

ಇವತ್ತು ಮಧ್ಯಾಹ್ನ ತಲೆ ಎತ್ತಿ ನೋಡಿದರೆ ಹುಣಸೆಮರದ ಕೆಳಗೆ ಕೊಟ್ರಯ್ಯ ಮಾಸ್ತರು! ತಮ್ಮ ಹಳೆಯ ಕಲ್ಲಿನ ಮೇಲೆ ಕುಳಿತು ಸುಮ್ಮನೆ ನೋಡುತ್ತಿದ್ದರು. ಮಕ್ಕಳೆಲ್ಲ ಎದ್ದು ನಮಸ್ಕಾರ ಮಾಡಿದವು. ಅವರು ಬರೆಸಿ ಅಂತ ಕೈಸನ್ನೆ ಮಾಡಿದರು. ಆಚೆಯಿಂದ ಮಕ್ಕಳ ಅಕ್ಷರ ನೋಡುತ್ತ ಕುತ್ತಿಗೆ ಆ ಕಡೆ ಈ ಕಡೆ ವಾಲಿಸಿದರು.

ಹೊರಡುವಾಗ ನನ್ನನ್ನು ಗೆರೆಯ ಹತ್ತಿರ ಕರೆದರು. ಈ ಇನ್ಸ್ಪೆಕ್ಟರು ಕೆಟ್ಟವರಲ್ಲವಂತೆ, ಆದರೆ ಗೆರೆ ದಾಟುವವರಲ್ಲವಂತೆ. ಓದಲು ಬಾರದಿದ್ದರೆ ಸೊನ್ನೆ ಹಾಕಿ ಎದ್ದು ಹೋಗುತ್ತಾರಂತೆ. ಹಟ ಮಾಡಬೇಡ, ಶಾಲೆ ಉಳಿಸಿಕೋ ಅಂದರು.

ಅವರು ಹೇಳುವುದೂ ಅದೇ, ತಾಯಕ್ಕ ಹೇಳುವುದೂ ಅದೇ. ಇಬ್ಬರೂ ಮಕ್ಕಳ ಒಳ್ಳೆಯದಕ್ಕೇ ಹೇಳುತ್ತಾರೆ. ಹಾಗಾದರೆ ನನಗೇ ಯಾಕೆ ಹೀಗೆ? ನನಗೆ ನಿದ್ದೆ ಸರಿಯಿಲ್ಲ.

ಜನವರಿ ೧೮, ಸೋಮವಾರ

ನಾಳೆ ತಪಾಸಣೆ. ಚಪ್ಪರಕ್ಕೆ ಹೊಸ ಗರಿ ಹೊದಿಸಿದೆವು, ಹೊಸ ಮರಳು ತಂದು ಹಾಸಿದೆವು. ಗೆರೆಯ ಕಲ್ಲುಗಳು ಮುಚ್ಚಿಹೋಗಿದ್ದವು, ಯಾರೋ ಕೇರಿಯವರೇ ಹೆದರಿ ಮತ್ತೆ ತೋಡಿ ಮೇಲೆ ತಂದಿಟ್ಟಿದ್ದಾರೆ.

ಸಂಜೆ ಜಂಬವ್ವ ಎಲ್ಲರ ಪರವಾಗಿ ಬಂದು ನಿಂತಳು. ಮನೆ ಮನೆಯಲ್ಲೂ ಇದೇ ಮಾತು ನಡೆದಿದೆ ಅಂತ ಅವಳ ಮುಖವೇ ಹೇಳುತ್ತಿತ್ತು.

"ನಾಳಿ ಯಾವ ಕಡಿಗಿ ಬರೀಬೇಕ್ರಿ ಮಾಸ್ತರ?"

ಅವಳ ಮುಖ ನೋಡಿದೆ. ತಾನು ಅಷ್ಟು ಕಷ್ಟಪಟ್ಟು ನಿಲ್ಲಿಸಿದ ಹಸುವನ್ನು ನಾಳೆ ಮತ್ತೆ ಮಲಗಿಸು ಅನ್ನುತ್ತಾನೋ ಏನೋ ಈ ಮಾಸ್ತರ ಅಂತ ಕಾಯುತ್ತಿದ್ದಳು. ಬಾಯಿಂದ ತಾನಾಗಿ ಬಂತು, "ನಿಮ್ಮ ಕಡಿಗಿ ಬರೀರಿ."

ಹೇಳಿದ್ದೇನೋ ಹೇಳಿದೆ. ಶಾಲೆ ಮುಚ್ಚಿದರೆ ಇಷ್ಟು ಮಕ್ಕಳ ಪಾಪ ನನ್ನ ತಲೆಗೆ. ದೇವರೇ, ಹೆದರಿಕೆಯಾಗುತ್ತಿದೆ.

ಜನವರಿ ೧೯, ಮಂಗಳವಾರ

ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ಕಲಸಿಹೋಗುತ್ತದೆ.

ಇನ್ಸ್ಪೆಕ್ಟರು ಜಟಕಾದಲ್ಲಿ ಬಂದು ಹುಣಸೆಮರದ ಕೆಳಗೆ ಕುಳಿತರು. ಜವಾನ ಪಕ್ಕದಲ್ಲಿ ನಿಂತ. ಕೊಟ್ರಯ್ಯ ಮಾಸ್ತರೂ ಬಂದಿದ್ದರು, ಅವರಿಗೆ ಗೌರವದಿಂದ ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟರು. ನಾನು ಈ ಕಡೆ, ಮಕ್ಕಳ ಸಾಲಿನ ಹಿಂದೆ ನಿಂತಿದ್ದೆ. ಕೇರಿಯವರು ಗುಡಿಸಲುಗಳ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ" ಅಂತ ಹೇಳಿದರು. ಮಕ್ಕಳು ಬಗ್ಗಿ ಬರೆದವು. ನಾನು ಹಿಂದಿನಿಂದ ಓದಿಕೊಂಡೆ, ಎಲ್ಲವೂ ನೆಟ್ಟಗೆ. ಇನ್ಸ್ಪೆಕ್ಟರು ಮುಂದಕ್ಕೆ ಬಗ್ಗಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಹೋದ ವರ್ಷ ಮುತ್ತಿನ ಹಾಗೆ ಬರೆದಿದ್ದರಲ್ಲ, ಈಗ ಒಂದಕ್ಷರವೂ ತಿಳಿಯುತ್ತಿಲ್ಲ, ಏನು ಕಲಿಸಿದ್ದೀಯ ಅಂತ ಕೇಳಿದರು. ಈ ಕಡೆಯಿಂದ ನೋಡಿದರೆ ಸರಿಯಾಗಿದೆ ಅಂತ ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಎರಡನೇ ಸಲ ಹೇಳಬೇಕಾಯಿತು. ಅವರಿಗೆ ಅರ್ಥವಾಯಿತು. ಗೆರೆಯ ಕಲ್ಲುಗಳನ್ನು ನೋಡಿದರು, ನನ್ನನ್ನು ನೋಡಿದರು.

"ಹಾಗಾದರೆ ನನ್ನ ಕಡೆಗೆ ಬರೆಸಿ" ಅಂದರು.

"ಬರಿಯೋರು ಈ ಕಡಿ ಕುಂತಾರ್ರಿ ಸ್ವಾಮಿ" ಅಂದೆ.

ಇದನ್ನು ನಾನೇ ಅಂದೆನೇ? ಇನ್ಸ್ಪೆಕ್ಟರ ಮುಖ ಕೆಂಪಾಯಿತು. 'ಓದಲಾಗದ್ದನ್ನು ಪಾಸು ಮಾಡುವುದು ನನ್ನಿಂದಾಗದು' ಅಂತ ಇಂಗ್ಲಿಷಿನಲ್ಲಿ ಅಂದು, ಜವಾನನ ಕಡೆಗೆ ಪೆನ್ನಿಗೆ ಕೈ ಚಾಚಿದರು. ಮುಗಿಯಿತು ಅಂದುಕೊಂಡೆ. ತಾಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಂಬವ್ವ ಮಾತ್ರ ತನ್ನ ಅಕ್ಷರದ ಮೇಲಿನ ಕಣ್ಣು ಕೀಳಲಿಲ್ಲ, ಅಳಿಸಲೂ ಇಲ್ಲ.

ಆಗ ಕೊಟ್ರಯ್ಯ ಮಾಸ್ತರು ಕಲ್ಲಿನಿಂದ ಎದ್ದರು. ಮಂಡಿ ನೋವು ಅವರಿಗೆ, ಎರಡು ಸಲ ಮರ ಹಿಡಿದುಕೊಂಡು ಏಳಬೇಕಾಯಿತು. ಯಾರ ಮುಖವನ್ನೂ ನೋಡಲಿಲ್ಲ. ಮರಳಿಗೆ ಇಳಿದು, ಕಲ್ಲುಗಳನ್ನು ದಾಟಿ, ಮಕ್ಕಳ ಸಾಲು ಬಳಸಿ ಬಂದು ಜಂಬವ್ವನ ಬೆನ್ನ ಹಿಂದೆ ನಿಂತರು. ಇನ್ಸ್ಪೆಕ್ಟರು ಪೆನ್ನಿಗೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಕೊಟ್ರಯ್ಯನವರು ಪಾಠ ಹೇಳುವಾಗಿನ ದೊಡ್ಡ ದನಿಯಲ್ಲಿ, "ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ. ಸರಿ ಐತ್ರಿ" ಅಂದರು.

ಮುಂದಿನ ಮಗುವಿನ ಹಿಂದೆ ಹೋದರು, ಓದಿದರು. ಅದರ ಮುಂದಿನದು. ಒಬ್ಬ ಹುಡುಗ ಒತ್ತಕ್ಷರ ಬಿಟ್ಟಿದ್ದ, ಅದನ್ನೂ ಮುಚ್ಚಿಡದೆ ಕೂಗಿ ಹೇಳಿದರು. ಅಲ್ಲಿ ಇನ್ಸ್ಪೆಕ್ಟರ ಮುಖ ಸಡಿಲಾಯಿತು. ಸುಳ್ಳು ಹೇಳುವವರು ತಪ್ಪು ಎತ್ತಿ ತೋರಿಸುವುದಿಲ್ಲ ಅನ್ನಿಸಿರಬೇಕು. ಇನ್ನೊಂದು ವಾಕ್ಯ ಹೇಳಿದರು, ಮತ್ತೊಂದು ಹೇಳಿದರು. ಲೆಕ್ಕ ಕೊಟ್ಟರು. ಅವರು ಆ ಕಡೆಯಿಂದ ಕೇಳುವುದು, ಮಕ್ಕಳು ಬರೆಯುವುದು, ಕೊಟ್ರಯ್ಯನವರು ಈ ಕಡೆಯಿಂದ ಓದಿ ಹೇಳುವುದು. ಹೀಗೇ ಹೊತ್ತು ನೆತ್ತಿಗೆ ಬಂತು.

ಕೊನೆಗೆ ಶಾಲೆ ಇರಲಿ ಅಂತ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಿದರು. ಜಟಕಾ ಹತ್ತುವಾಗ ನನ್ನನ್ನು ಕರೆದು, ಮುಂದಿನ ವರ್ಷಕ್ಕೆ ಸ್ಲೇಟು ಮಂಜೂರು ಮಾಡಿಸುತ್ತೇನೆ, ಅದಾದರೆ ತಿರುಗಿಸಿ ಇಡಬಹುದು ಅಂದರು. ಕೋಪವಿರಲಿಲ್ಲ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಕೈ ಮುಗಿದೆ.

ಜಟಕಾ ಹೋಯಿತು. ಕೇರಿಯವರೆಲ್ಲ ಓಡಿ ಬಂದು ಚಪ್ಪರ ತುಂಬಿದರು. ಕೊಟ್ರಯ್ಯ ಮಾಸ್ತರು ಮಾತ್ರ ಸಾಲಿನ ಹಿಂದೆ ನಿಂತಲ್ಲೇ ನಿಂತಿದ್ದರು. ಊರಿನ ಕಡೆಯ ಹೊಲದ ಬದುವಿನ ಮೇಲೆ ನಾಲ್ಕಾರು ಜನ ನಿಂತು ಎಲ್ಲ ನೋಡಿದ್ದರು. ಇಷ್ಟು ಹೊತ್ತಿಗೆ ಸುದ್ದಿ ಕಂಪ್ಲಿಯ ದಾರಿ ಹಿಡಿದಿರುತ್ತದೆ. ಅವರಿಗೆ ಮನೆಯಲ್ಲಿ ಏನು ಕಾದಿದೆಯೋ, ಮಠದವರು ಏನನ್ನುತ್ತಾರೋ. ಆ ಕಡೆಗೆ ಹೋಗಲು ಕಾಲು ಬರುತ್ತಿಲ್ಲ, ಈ ಕಡೆ ಕೂರಲು ಗೊತ್ತಿಲ್ಲ.

ಜಂಬವ್ವ ಪಕ್ಕಕ್ಕೆ ಸರಿದಳು. ತನ್ನ ಮುಂದಿನ ಮರಳನ್ನು ಅಂಗೈಯಿಂದ ಸವರಿ ಸಮ ಮಾಡಿದಳು.

"ಕುಂದ್ರಿ ಮಾಸ್ತರ" ಅಂದಳು, "ಈ ಕಡಿಂದ ಹೆಂಗ ಕಾಣತೈತಿ ನೋಡ್ರಿ."

ಅವರು ಮಂಡಿ ಹಿಡಿದುಕೊಂಡು ನಿಧಾನವಾಗಿ ಮಕ್ಕಳ ಸಾಲಿನಲ್ಲಿ ಕುಳಿತರು. ಬೆರಳು ಮರಳಿಗೆ ಮುಟ್ಟಿಸಿದರು. ಊಟಕ್ಕೆ ಬಿಡುವ ಹೊತ್ತು ಮೀರಿತ್ತು, ನಾನು ಗಂಟೆ ಹೊಡೆಯಲಿಲ್ಲ.